ಗುಕೇಶ್ ಗೆದ್ದ ಆಟ, ಪಾಮನಕಲ್ಲೂರಿಗೆ ಸಿಗದ ಎದುರಾಳಿ

2024ರ ಡಿಸೆಂಬರ್ 12, ಸಿಂಗಾಪುರ. ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ 14ನೇ ಆಟ. ಅಲ್ಲಿವರೆಗೆ ಇಬ್ಬರಿಗೂ ತಲಾ ಆರೂವರೆ ಅಂಕ. ಕಪ್ಪು ಕಾಯಿಗಳ ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿದ್ದರೂ ಆಟ ಡ್ರಾ ಕಡೆಗೇ ಸಾಗಿತ್ತು. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಆನೆಗೆ ಆನೆ, ಒಂಟೆಗೆ ಒಂಟೆ ಹೋಯಿತು. ಉಳಿದ ಆ ಒಂದು ಕಾಲಾಳೇ ಆಟ ತೀರ್ಮಾನಿಸಿತು. 18ರ ಹುಡುಗ ವಿಶ್ವ ಚಾಂಪಿಯನ್!

‘ಎದುರಾಳಿಯ ತಪ್ಪಿನಿಂದ ಗೆದ್ದ’ ಅಂತ ಕೆಲವರು ಮೂಗು ಮುರಿದರು. ಅದನ್ನು ಬಿಡಿ. ಆ ಕುರ್ಚಿ ತನಕ ಗುಕೇಶ್ ಹೋಗಿದ್ದು ಹೇಗೆ?

ಅದಕ್ಕೂ ಒಂದು ವರ್ಷ ಮೊದಲು ಕ್ಯಾಂಡಿಡೇಟ್ಸ್ ಟೂರ್ನಿಯ ಅರ್ಹತೆ ಅವರ ಕೈತಪ್ಪುವುದರಲ್ಲಿತ್ತು. ಆಗ ತಮಿಳುನಾಡು ಸರ್ಕಾರ ತರಾತುರಿಯಲ್ಲಿ ಚೆನ್ನೈ ಗ್ರ್ಯಾಂಡ್ ಮಾಸ್ಟರ್ಸ್ ಟೂರ್ನಿ ನಡೆಸಿತು. ಗಟ್ಟಿ ಎದುರಾಳಿಗಳನ್ನು ಊರಿಗೇ ಕರೆಸಿತು. ಗುಕೇಶ್ ಗೆದ್ದರು, ಅರ್ಹತೆಯೂ ಸಿಕ್ಕಿತು. ಆಡಿದ್ದು ಗುಕೇಶ್, ಬೋರ್ಡ್ ಹಾಕಿಕೊಟ್ಟಿದ್ದು ಸರ್ಕಾರ.

ಚೆಸ್‌ನಲ್ಲಿ ಪ್ರತಿಭೆಯೊಂದೇ ಸಾಲದು. ಫಿಡೆ ರೇಟಿಂಗ್ ಬೇಕಾದರೆ ರೇಟಿಂಗ್ ಇರುವವರ ಎದುರು ಕನಿಷ್ಠ 5 ಆಟ ಆಡಲೇಬೇಕು. ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದರೆ ಗ್ರ್ಯಾಂಡ್‌ಮಾಸ್ಟರ್‌ಗಳ ಎದುರೇ ಕೂರಬೇಕು. ಅಂಥವರು ಇರುವ ಕಡೆಯೇ ಅಂಥವರು ಹುಟ್ಟುತ್ತಾರೆ. ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕದ ಮೊದಲಿಗ, ಮೈಸೂರಿನ ತೇಜಕುಮಾರ್ ಬಂದಿದ್ದು 2017ರಲ್ಲಿ. 29 ವರ್ಷದ ಅಂತರ!

ಇನ್ನು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿಗೆ ಬನ್ನಿ. ಇಲ್ಲಿಂದ ಬೆಂಗಳೂರು ಸುಮಾರು 400 ಕಿ.ಮೀ. ಕೂಲಿಗೆ ಹೋಗುವ ಅಪ್ಪ-ಅಮ್ಮ ಮಗಳನ್ನು ಟೂರ್ನಿಗೆ ಕರೆದೊಯ್ಯಬೇಕಾದರೆ ಬಸ್ ಚಾರ್ಜು, ಪ್ರವೇಶ ಶುಲ್ಕ, ಲಾಡ್ಜ್ ಬಾಡಿಗೆಯ ಜೊತೆಗೆ ಅಷ್ಟೂ ದಿನದ ಕೂಲಿಯನ್ನೂ ಬಿಡಬೇಕು. ಮೊಬೈಲ್‌ನಲ್ಲಿ ಎಷ್ಟು ಆಡಿದರೂ ಆ ಆಟ ಈ ರೇಟಿಂಗ್‌ಗೆ ಲೆಕ್ಕಕ್ಕಿಲ್ಲ.

‘ಶಾಲೆಗೆ ಮೇಷ್ಟ್ರೇ ಇಲ್ಲ, ಚೆಸ್ ಯಾಕೆ?’ ಅನ್ನಬಹುದು. ಮೇಷ್ಟ್ರೂ ಬೇಕು. ಆದರೆ ಅದೇ ನೆಪದಲ್ಲಿ ಈ ಭಾಗದ ಮಕ್ಕಳಿಗೆ ಬರೀ ‘ಕನಿಷ್ಠ’ವನ್ನೇ ಎಷ್ಟು ದಿನ ಅಳೆದು ಕೊಡೋದು? 371(ಜೆ) ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ಘೋಷಣೆಯಾಗುತ್ತದೆ. ಅದರಲ್ಲಿ ರಾಯಚೂರಿನಲ್ಲಿ ವರ್ಷಕ್ಕೊಂದು ರೇಟಿಂಗ್ ಟೂರ್ನಿ, ಸರ್ಕಾರಿ ಶಾಲೆ ಮಕ್ಕಳಿಗೆ ಬಸ್ಸು, ಊಟ, ಉಚಿತ ಪ್ರವೇಶ ಕೊಡೋದು ದೊಡ್ಡ ಮಾತೇ ಅಲ್ಲ.

ಮುಂದಿನ ಬಾರಿ ನಿಮ್ಮ ಶಾಸಕರು ಗುಕೇಶ್‌ಗೆ ಅಭಿನಂದನೆ ಪೋಸ್ಟ್ ಹಾಕಿದರೆ, ಕೆಳಗೆ ಇದೊಂದೇ ಪ್ರಶ್ನೆ ಹಾಕಿ: ನಮ್ಮ ಜಿಲ್ಲೆಯಲ್ಲಿ ಟೂರ್ನಿ ಯಾವಾಗ?