ಮರಳಿನ ತಟ್ಟೆಯಲ್ಲಿ ಮಗುವಿನ ಲೋಕ

ಐದು ವರ್ಷದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು 'ನಿನಗೇನು ಕಷ್ಟ, ಹೇಳು' ಎಂದು ಕೇಳಿದರೆ ಏನು ಉತ್ತರ ಬಂದೀತು? ಚೆನ್ನಾಗಿ ಮಾತು ಬಲ್ಲ ಮಗುವೇ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುವುತ್ತ ನಿಲ್ಲುತ್ತದೆ. ಇನ್ನು ಮಾತೇ ಬಾರದ, ಬಂದರೂ ಮನಸ್ಸಿನಲ್ಲಿರುವುದನ್ನು ಹೇಳಲು ತಿಳಿಯದ ಮಗುವಿನ ಪಾಡೇನು? ಮಕ್ಕಳ ಮನಸ್ಸನ್ನು ಅರಿಯಲು ಮಾತು ಸಾಲದು ಎಂಬುದನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಇಂಗ್ಲೆಂಡಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಒಬ್ಬರು.

1928ರಲ್ಲಿ ಅವರು ಲಂಡನ್ನಿನಲ್ಲಿ ಮಕ್ಕಳಿಗಾಗಿ ಚಿಕಿತ್ಸಾಲಯವೊಂದನ್ನು ತೆರೆದರು. ಅಂಜುಬುರುಕರು, ಹಟಮಾರಿಗಳು, ಯಾರ ಕೈಗೂ ಸಿಗದವರು ಎನಿಸಿಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅವರಿಗೆ ಏನು ಕೊಡುವುದು ಎಂದು ಯೋಚಿಸುವಾಗ ಲೋವೆನ್‌ಫೆಲ್ಡ್‌ಗೆ ಹಿಂದೆ ಓದಿದ್ದ ಪುಸ್ತಕವೊಂದು ನೆನಪಾಯಿತು. ಕಾಲಯಂತ್ರದ ಕತೆ ಬರೆದ ಎಚ್.ಜಿ. ವೆಲ್ಸ್ ಗೊತ್ತಲ್ಲ, ಅವರೇ 1911ರಲ್ಲಿ ಬರೆದ 'ಫ್ಲೋರ್ ಗೇಮ್ಸ್' ಅದು. ವೆಲ್ಸ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ನೆಲದ ಮೇಲೆ ಮರದ ಇಟ್ಟಿಗೆ, ಹಲಗೆ, ಪುಟ್ಟ ಬೊಂಬೆಗಳನ್ನು ಹರವಿಕೊಂಡು ಊರು, ದ್ವೀಪಗಳನ್ನು ಕಟ್ಟಿ ಆಡುತ್ತಿದ್ದುದರ ವರ್ಣನೆ ಅದರಲ್ಲಿದೆ.

ಲೋವೆನ್‌ಫೆಲ್ಡ್ ಅಂಥವೇ ಪುಟ್ಟ ಪುಟ್ಟ ವಸ್ತುಗಳನ್ನು ಕೂಡಿಹಾಕಿದರು. ಮಕ್ಕಳು ಅದನ್ನು 'ಅಚ್ಚರಿಯ ಪೆಟ್ಟಿಗೆ' ಎಂದು ಕರೆದರು. ಮುಂದೆ ಕೋಣೆಯಲ್ಲಿ ಸತುವಿನ ತಟ್ಟೆಯೊಂದರಲ್ಲಿ ಮರಳು ತುಂಬಿಸಿ ಇಡಲಾಯಿತು. ಮಕ್ಕಳು ಯಾರೂ ಹೇಳದೆಯೇ ಆ ವಸ್ತುಗಳನ್ನು ಮರಳಿನ ಮೇಲೆ ಜೋಡಿಸತೊಡಗಿದರು. ಅದಕ್ಕೆ 'ಲೋಕ' ಎಂದೇ ಹೆಸರು ಬಂತು. ವೈದ್ಯೆ ಮಾಡಿದ ದೊಡ್ಡ ಕೆಲಸವೆಂದರೆ ಅಡ್ಡಬಾರದೆ ನೋಡಿದ್ದು! ಈ ವಿಧಾನವನ್ನು ರೂಪಿಸಿದವರು ಮಕ್ಕಳೇ ಎಂಬ ಭಾವನೆ ಅವರಿಗೆ ಕೊನೆಯವರೆಗೂ ಇತ್ತು.

ಮಗು ಮುಂದೆ, ದೊಡ್ಡವರು ಹಿಂದೆ

ಮುಂದೆ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ 'ಆಟದ ಚಿಕಿತ್ಸೆ'ಯ ಬಗ್ಗೆ ಪುಸ್ತಕ ಬರೆದು ಎಂಟು ಸೂತ್ರಗಳನ್ನು ಕೊಟ್ಟರು. ಅವುಗಳ ಸಾರ ಇಷ್ಟು: ಮಗುವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಬೇಕು, ಅವಸರಪಡಿಸಬಾರದು, ಆಟದ ದಾರಿಯನ್ನು ಮಗುವೇ ತೋರಬೇಕು, ದೊಡ್ಡವರು ಹಿಂಬಾಲಿಸಬೇಕು. ಅತ್ಯಗತ್ಯವಾದ ಮಿತಿಗಳನ್ನಷ್ಟೇ ಹಾಕಬೇಕು. ಚಿತ್ರಕಲೆಯ ಕತೆಯೂ ಇಂಥದ್ದೇ. ಕ್ಷಯ ತಗಲಿ ಆರೋಗ್ಯಧಾಮ ಸೇರಿದ್ದ ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಕಲಾವಿದ ಅಲ್ಲಿ ಚಿತ್ರ ಬರೆಯುತ್ತ ತಾನೂ ಚೇತರಿಸಿಕೊಂಡು ಇತರ ರೋಗಿಗಳಿಗೂ ಕುಂಚ ಹಿಡಿಸಿದ. 'ಕಲಾ ಚಿಕಿತ್ಸೆ' ಎಂಬ ಹೆಸರನ್ನು 1942ರಲ್ಲಿ ಕೊಟ್ಟವನು ಅವನೇ.

ಕೇಳಲು ಸುಲಭ. ಆದರೆ ತಂದೆತಾಯಿಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಆಟಿಸಂ ಇರುವ ಮಗು ಕಾರಿನ ಬೊಂಬೆಗಳನ್ನು ಓಡಿಸದೆ ಗಂಟೆಗಟ್ಟಲೆ ಸಾಲಾಗಿ ಜೋಡಿಸುತ್ತ ಕೂತರೆ ಮನೆಯವರ ಕೈ ಸುಮ್ಮನಿರುವುದಿಲ್ಲ. 'ಹಾಗಲ್ಲ ಪುಟ್ಟಾ, ಹೀಗೆ' ಎಂದು ಕಸಿದು ತೋರಿಸುತ್ತಾರೆ. ಮಗು ಕಿರುಚುತ್ತದೆ. ಆಟ ಅಲ್ಲಿಗೆ ಮುಗಿಯಿತು. ಅದರ ಬದಲು ಅಮ್ಮ ಪಕ್ಕದಲ್ಲಿ ಕೂತು ತಾನೂ ಒಂದು ಕಾರನ್ನು ಸಾಲಿಗೆ ಸೇರಿಸಿ ಕಾದರೆ? ಮಗು ಓರೆಗಣ್ಣಿನಲ್ಲಿ ನೋಡಬಹುದು. ನಾಳೆ ಮುಂದಿನ ಕಾರನ್ನು ಅಮ್ಮನ ಕೈಗೇ ಕೊಡಬಹುದು. ಒಂದು ಮಾತೂ ಇಲ್ಲದೆ ಸಂಭಾಷಣೆ ಶುರುವಾಯಿತು!

ಇದು ಬರೀ ಒಳ್ಳೆಯ ಮಾತಲ್ಲ, ಪರೀಕ್ಷೆಗೆ ಒಳಪಟ್ಟ ವಿಷಯ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಮನೆಗೆ ಹೋದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಂದೆತಾಯಿ ಮಗುವಿನೊಂದಿಗೆ ಆಡುವುದನ್ನು ವಿಡಿಯೋದಲ್ಲಿ ಹಿಡಿದು, ಅವರೊಂದಿಗೇ ಕೂತು ನೋಡಿ, ಮಗುವಿನ ಸೂಚನೆಗಳನ್ನು ಗುರುತಿಸುವುದನ್ನು ಕಲಿಸಿದರು. ಈ ನೆರವು ಪಡೆದ ತಂದೆತಾಯಿಗಳು ಮಗುವಿನ ಆಸಕ್ತಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಿತು.

'ಪೇಪರ್' ಎಂಬ ಮೊದಲ ಮಾತು

1974ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಟೀಫನ್ ವಿಲ್ಟ್‌ಶೈರ್ ಮಾತಾಡುತ್ತಿರಲಿಲ್ಲ. ಮೂರನೆಯ ವಯಸ್ಸಿನಲ್ಲಿ ಆಟಿಸಂ ಎಂದು ಗೊತ್ತಾಯಿತು. ಅವನಿಗೆ ಪ್ರಿಯವಾಗಿದ್ದದ್ದು ಚಿತ್ರ ಬರೆಯುವುದು. ಶಾಲೆಯ ಶಿಕ್ಷಕರು ಅವನು ಕೇಳಿ ಪಡೆಯಲಿ ಎಂದು ಚಿತ್ರದ ಸಾಮಗ್ರಿಗಳನ್ನು ಸ್ವಲ್ಪ ಹೊತ್ತು ಎತ್ತಿಟ್ಟರು. ಹುಡುಗನ ಬಾಯಿಂದ ಬಂದ ಮೊದಲ ಪದ, 'ಪೇಪರ್'! ಅಮ್ಮ ಎಂದಲ್ಲ, ಅನ್ನ ಎಂದಲ್ಲ. ಅವನಿಗೆ ಬೇಕಾಗಿದ್ದ ವಸ್ತುವಿನಿಂದಲೇ ಮಾತು ಹೊರಟಿತು. ಅದೇ ಸ್ಟೀಫನ್ 2005ರಲ್ಲಿ ಹೆಲಿಕಾಪ್ಟರಿನಲ್ಲಿ ಟೋಕಿಯೋ ನಗರವನ್ನು ಒಂದು ಸುತ್ತು ನೋಡಿ ಬಂದು, ಬರೀ ನೆನಪಿನಿಂದ 10 ಮೀಟರ್ ಉದ್ದದ ಚಿತ್ರ ಬರೆದರು.

ಎರಡು ಎಚ್ಚರಿಕೆಗಳು. ಸಾಮಗ್ರಿ ಎತ್ತಿಡುವ ಉಪಾಯ ಮಗುವನ್ನು ಬಲ್ಲ ಶಿಕ್ಷಕರದು, ಮನೆಯಲ್ಲಿ ಬಣ್ಣ ಬಚ್ಚಿಟ್ಟು ಅಳಿಸುವುದು ಚಿಕಿತ್ಸೆಯಲ್ಲ. ಹಾಗೆಯೇ ಆಟಿಸಂ ಇರುವ ಎಲ್ಲ ಮಕ್ಕಳೂ ಸ್ಟೀಫನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕೈ ನಡುಗುವ ಹುಡುಗಿ ದಪ್ಪ ಕ್ರೇಯಾನ್ ಹಿಡಿದು ಒಂದು ಗೆರೆ ಎಳೆದರೆ ಅದೂ ಅವಳ ಮಾತೇ.

ಮನೆಯಲ್ಲಿ ಏನು ಮಾಡಬಹುದು?

ದುಬಾರಿ ಆಟಿಕೆ ಬೇಕಿಲ್ಲ. ಚಪಾತಿ ಹಿಟ್ಟನ್ನು ನಾದುವುದು, ಉಂಡೆ ಕಟ್ಟುವುದು ಬೆರಳುಗಳಿಗೆ ಬಲ ಕೊಡುತ್ತದೆ. ಪೆನ್ಸಿಲ್ ಹಿಡಿಯಲು, ಅಂಗಿಯ ಗುಂಡಿ ಹಾಕಲು ಬೇಕಾದದ್ದು ಇದೇ ಬಲ. ಅಳಗುಳಿಮಣೆಯಲ್ಲಿ ಹುಣಸೆಬೀಜ ಹಾಕುತ್ತ ಹೋದರೆ ಎಣಿಕೆಯ ಜೊತೆಗೆ ತನ್ನ ಸರದಿಗಾಗಿ ಕಾಯುವುದೂ ಬರುತ್ತದೆ. (ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೆ ಬೀಜ ಕೊಡಬೇಡಿ.) ದೃಷ್ಟಿ ಇಲ್ಲದ ಮಗುವಿಗೆ ಜೇಡಿಮಣ್ಣೇ ಚಿತ್ರದ ಹಾಳೆ. ಹಿಡಿತ ಸಡಿಲವಿರುವ ಮಗುವಿಗೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ, ಹಾಳೆ ಜಾರದಂತೆ ಟೇಪ್ ಅಂಟಿಸಿ ಕೊಡಿ. ಬಣ್ಣ ಮೈಗಂಟುವುದನ್ನು ಸಹಿಸದ ಮಗುವಿನ ಕೈ ಹಿಡಿದು ಅದ್ದಬೇಡಿ. ಅದು ಹಟವಲ್ಲ, ಆ ಸ್ಪರ್ಶ ಅದಕ್ಕೆ ನಿಜವಾಗಿಯೂ ಹಿಂಸೆ.

ಮಗು ಕಪ್ಪು ಬಣ್ಣ ಬಳಿದ ಮಾತ್ರಕ್ಕೆ 'ಅಯ್ಯೋ, ಮನಸ್ಸಿನಲ್ಲಿ ಏನೋ ದುಃಖವಿದೆ' ಎಂದು ಗಾಬರಿಯಾಗಬೇಡಿ. ಕೈಗೆ ಸಿಕ್ಕಿದ್ದೇ ಕಪ್ಪು ಇರಬಹುದು! ಒಂದು ಚಿತ್ರ ನೋಡಿ ಯಾವ ತಜ್ಞರೂ ತೀರ್ಮಾನಕ್ಕೆ ಬರಬಾರದು.

ಇನ್ನೊಂದು ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. ಆಟ ಮತ್ತು ಚಿತ್ರ ಆಟಿಸಂ ಅಥವಾ ಡೌನ್ ಸಿಂಡ್ರೋಮನ್ನು 'ವಾಸಿ' ಮಾಡುವುದಿಲ್ಲ. ಶ್ರವಣ ಪರೀಕ್ಷೆ, ಮಾತಿನ ತರಬೇತಿ, ಮೂರ್ಛೆರೋಗದ ಔಷಧಿ ಇವುಗಳಿಗೆ ಅವು ಬದಲಿಯೂ ಅಲ್ಲ. 'ಇಷ್ಟು ಕಟ್ಟಿ, ಆರು ತಿಂಗಳಲ್ಲಿ ಪೂರ್ತಿ ಸರಿಮಾಡುತ್ತೇವೆ' ಎನ್ನುವವರಿಂದ ದೂರವಿರಿ. ಮಗುವಿನ ಬೆಳವಣಿಗೆಯ ಬಗ್ಗೆ ಸಂದೇಹವಿದ್ದರೆ 'ದೊಡ್ಡವನಾದರೆ ಸರಿಹೋಗುತ್ತಾನೆ' ಎಂದು ಕಾಯಬೇಡಿ. ಮಕ್ಕಳ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಾರ್ವಜನಿಕ ಸಂಸ್ಥೆಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆ ಸೇರಿದಂತೆ 21 ಬಗೆಯ ಅಸಾಮರ್ಥ್ಯಗಳನ್ನು ಗುರುತಿಸಿದೆ. ನೆರವು ಕೇಳುವುದು ಯಾರ ಹಂಗೂ ಅಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯನೊಬ್ಬ ಇದ್ದರೆ ಲಗೋರಿ ಆಡುವಾಗ ಅವನನ್ನು ಚೀಲ ಕಾಯಲು ಕೂರಿಸಬೇಡಿ. ಅವನಿಗಾಗಿ ಗೆರೆಯನ್ನು ನಾಲ್ಕು ಹೆಜ್ಜೆ ಹತ್ತಿರ ಎಳೆಯಿರಿ. ನಿಯಮ ಮಾಡಿದವರು ನೀವೇ ತಾನೆ? ಬದಲಿಸುವ ಅಧಿಕಾರವೂ ನಿಮ್ಮದೇ.

ಇಂದು ಸಂಜೆ ಅರ್ಧ ಗಂಟೆ ಟಿ.ವಿ., ಮೊಬೈಲ್ ಎರಡನ್ನೂ ಆರಿಸಿ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂತು ನೋಡಿ. ಅದು ಮಣ್ಣಿನಲ್ಲಿ ಏನೋ ಮಾಡಿ ತಂದು ತೋರಿಸಿದರೆ 'ಇದೇನು, ಆನೆಯೋ ಕತ್ತೆಯೋ?' ಎನ್ನಬೇಡಿ. 'ಇದರ ವಿಷಯ ಹೇಳು' ಎನ್ನಿ. ಆಮೇಲೆ ಸುಮ್ಮನೆ ಕಾಯಿರಿ. ಉತ್ತರ ಮಾತಿನಲ್ಲಿ ಬರದಿದ್ದರೆ ಇನ್ನೊಂದು ಹಿಡಿ ಮಣ್ಣು ಕೊಡಿ.