ಗೋಡೆಯ ಸ್ವಿಚ್ಚನ್ನು ಎಷ್ಟು ನಂಬಬಹುದು?

ಇಸ್ತ್ರಿಪೆಟ್ಟಿಗೆಯ ಕೆಲಸ ಮುಗಿದೊಡನೆ ಗೋಡೆಯ ಸ್ವಿಚ್ಚನ್ನು ಆರಿಸಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಷ್ಟರಿಂದಲೇ ಅಪಾಯವು ಕಳೆಯಿತೆಂಬ ಮಾತನ್ನು ನಾವು ಒಪ್ಪಲಾರೆವು. ನಮ್ಮ ಮನೆಗಳ ಪ್ಲಗ್ಗಿಗೆ ಬರುವ ತಂತಿಗಳ ಪೈಕಿ ಫೇಸ್ ತಂತಿಯಲ್ಲಿ ಸುಮಾರು 230 ವೋಲ್ಟ್ ಒತ್ತಡವಿರುತ್ತದೆ. ನ್ಯೂಟ್ರಲ್ ತಂತಿಯ ಒತ್ತಡ ಬಹುಮಟ್ಟಿಗೆ ನಗಣ್ಯ. ಸಾಮಾನ್ಯ ಸ್ವಿಚ್ಚು ಇವೆರಡರಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಅದು ಫೇಸ್ ತಂತಿಯೇ ಆಗಿರಬೇಕೆಂಬುದು ನಿಯಮ. ತಂತಿ ಜೋಡಿಸಿದವನು ಅಜಾಗರೂಕತೆಯಿಂದ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಕೂಡಿಸಿದ್ದರೋ? ಸ್ವಿಚ್ಚು ಆರಿಸಿದ ಮೇಲೆ ಪೆಟ್ಟಿಗೆಯು ತಣ್ಣಗಾಗುವುದು ದಿಟ. ಆದರೆ ಒಳಗಿನ ಸುರುಳಿಗೆ ಫೇಸ್ ತಂತಿಯ ಸಂಬಂಧ ತಪ್ಪಿರುವುದಿಲ್ಲ. ಕಣ್ಣಿಗೆ ಇದು ಗೊತ್ತಾಗದು. ಆದುದರಿಂದ ಯಾವ ಉಪಕರಣವನ್ನಾದರೂ ಒರಸುವ, ತೊಳೆಯುವ, ಬಿಚ್ಚುವ ಮುನ್ನ ಪ್ಲಗ್ಗನ್ನೇ ಕೀಳಬೇಕು. ಪ್ಲಗ್ಗಿಲ್ಲದೆ ನೇರವಾಗಿ ಜೋಡಿಸಿದ ಗೀಸರಿಗಾದರೋ ಎರಡು ತಂತಿಗಳನ್ನೂ ಒಮ್ಮೆಗೇ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಬೇಕು.