ಬೆರಳಚ್ಚು ಯಾರ ಸುಪರ್ದಿಯಲ್ಲಿ?

ಉಡುಪಿ ಜಿಲ್ಲೆಯ ಎರ್ಮಾಳ್‌ನವರು ಜಾಗ ಮಾರಲಿ, ಕೊಳ್ಳಲಿ, ನೋಂದಣಿ ಕಚೇರಿಯಲ್ಲಿ ಬೆರಳೊತ್ತಲೇಬೇಕು. ಒಲ್ಲೆ ಎಂದರೆ ಕ್ರಯಪತ್ರವೇ ಆಗದು.

ಆ ಬೆರಳಚ್ಚು ಎಲ್ಲಿಗೆ ಹೋಗುತ್ತದೆ ಎಂಬುದು 2023ರಲ್ಲಿ ಮಂಗಳೂರಿನಲ್ಲಿ ಬಯಲಾಯಿತು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾಯಿತು. ಒಟಿಪಿ ಇಲ್ಲ, ಫೋನ್ ಕರೆಯೂ ಇಲ್ಲ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದ ದಾಖಲೆಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಗಳೇ ವಂಚಕರಿಗೆ ಸಾಕಾದವು ಎಂದರು ಪೊಲೀಸರು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂಬ ಸಲಹೆ ಜನರಿಗೆ ಬಂತು. ಬೀಗ ಹಾಕಬೇಕಿದ್ದವರು ಬೇರೆಯೇ ಇದ್ದರು! ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳನ್ನು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಮಾಹಿತಿಯನ್ನು ಜೋಪಾನ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ನಿಜ. ಆದರೆ ಅದು ಸೇರುವುದು ಸರಕಾರದ ಬೊಕ್ಕಸಕ್ಕೆ. ಕಳಕೊಂಡವರಿಗೆ ಈ ಕಾಯ್ದೆಯಲ್ಲಿ ಪರಿಹಾರದ ದಾರಿಯಿಲ್ಲ. ಇದು ದೊಡ್ಡ ಕೊರತೆ.

ನಾವಾಗಿ ಕೊಡುವ ಆಧಾರ್ ಪ್ರತಿಗಳದ್ದೂ ಇದೇ ಕಥೆ: ಲಾಡ್ಜ್‌ಗೂ ಜೆರಾಕ್ಸ್, ಸೊಸೈಟಿ ಸಾಲಕ್ಕೂ ಜೆರಾಕ್ಸ್. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಅಷ್ಟು ಸಾಕಾಗುವ ಕೆಲಸಕ್ಕೆ ಉಡುಪಿ, ಕಾಪು, ಕಾರ್ಕಳದ ಕೌಂಟರುಗಳು ಅದನ್ನೇ ಒಪ್ಪಿಕೊಳ್ಳಲು, ಕಾಯ್ದೆಯ ಹೊಣೆಗಳು ಜಾರಿಯಾಗುವ 2027ರ ಮೇವರೆಗೆ ಕಾಯಬೇಕಾಗಿಲ್ಲ.